ಮೊದಲ ಪಂಕ್ತಿಯ ಷೇರು

ಷೇರುಪೇಟೆಯ ಮಾತಿನಲ್ಲಿ ನನಗೆ ಬಹಳ ಹಿಡಿಸಿದ ಪದವೊಂದಿದ್ದರೆ ಅದು ‘ಪ್ರಿಫರೆನ್ಸ್’. ಕನ್ನಡ ಪತ್ರಿಕೆಯವರು ಅದನ್ನು ಆದ್ಯತಾ ಷೇರು ಎನ್ನುತ್ತಾರೆ. ಮದುವೆಯಾಗಿ ಬಂದ ದಿನದಿಂದ ಮಾವನವರ ಕಾಫಿಗೆ, ಗಂಡನ ಆಫೀಸಿಗೆ, ಮಕ್ಕಳ ಸ್ಕೂಲಿಗೆ ಆದ್ಯತೆ ಕೊಡುತ್ತಲೇ ಬಂದ ನಮ್ಮಂಥವರಿಗೆ, ದುಡ್ಡು ಕೊಟ್ಟರೆ ನಿಮಗೂ ಆದ್ಯತೆ ಸಿಗುತ್ತದೆ ಎಂದರೆ ಆಸೆಯಾಗದೆ ಇರುತ್ತದೆಯೇ?

ತವರಿನ ತೋಟ ಪಾಲಾದಾಗ ಅಣ್ಣಂದಿರು ಕೊಟ್ಟ ಮೂರು ಲಕ್ಷ ರೂಪಾಯಿ ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದರ ಅವಧಿ ಮುಗಿದದ್ದು 2022ರ ಫೆಬ್ರವರಿಯ ಕೊನೆಯ ವಾರ. ಅದೇ ವಾರ, 24ನೇ ತಾರೀಕು, ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಅಂದು ಒಂದೇ ದಿನ ನಮ್ಮ ಮುಂಬೈಯ ಸೆನ್ಸೆಕ್ಸ್ 2,702 ಅಂಶ ಕುಸಿಯಿತು. ಎಲ್ಲಿಯ ಕೀವ್, ಎಲ್ಲಿಯ ದಲಾಲ್ ಸ್ಟ್ರೀಟ್!

ಷೇರು ದಲ್ಲಾಳಿಗಳ ಆಫೀಸಿನಲ್ಲಿ ಕೆಲಸಕ್ಕಿರುವ ನಮ್ಮಕ್ಕನ ಮಗ ಮರುದಿನವೇ ಬಂದ. “ಚಿಕ್ಕಮ್ಮ, ಈಗ ಆರ್ಡಿನರಿ ಷೇರಿನ ಕಡೆ ತಲೆಯೇ ಹಾಕಬೇಡಿ. ಒಂದು ಕಂಪನಿಯ ಪ್ರಿಫರೆನ್ಸ್ ಷೇರು ಇದೆ. ಯುದ್ಧವಾದರೂ ಎಂಟು ಪರ್ಸೆಂಟು, ಶಾಂತಿಯಾದರೂ ಎಂಟು ಪರ್ಸೆಂಟು. ಏಳು ವರ್ಷಕ್ಕೆ ಅಸಲು ವಾಪಸ್ಸು” ಎಂದ. ಬ್ಯಾಂಕುಗಳು ಆಗ ಐದೂವರೆಯ ಆಸುಪಾಸಿನಲ್ಲಿದ್ದವು. ನಮ್ಮವರು ಪೇಪರಿನ ಹಿಂದಿನಿಂದಲೇ “ನಿನ್ನ ದುಡ್ಡು, ನೀನೇ ನೋಡು” ಎಂದರು. ಇದು ಔದಾರ್ಯವೋ ಜಾರಿಕೊಳ್ಳುವ ಉಪಾಯವೋ, ಮೂವತ್ತೈದು ವರ್ಷವಾದರೂ ನನಗೆ ತಿಳಿದಿಲ್ಲ.

ಹುಡುಗನನ್ನು ಕೂರಿಸಿಕೊಂಡು, ಉಪ್ಪಿಟ್ಟು ಕೊಟ್ಟು, ಒಂದೊಂದಾಗಿ ಕೇಳಿದೆ. ಅವನು ಹೇಳಿದ್ದನ್ನು ನನ್ನ ಭಾಷೆಗೆ ತಿರುಗಿಸಿಕೊಂಡರೆ ಹೀಗೆ: ಪ್ರಿಫರೆನ್ಸ್ ಷೇರುದಾರ ಎಂದರೆ ಮನೆಗೆ ಬಂದ ಅಳಿಯ. ಎಲೆ ಮೊದಲು ಅವನಿಗೆ. ಆದರೆ ಬಡಿಸುವುದು ಗೊತ್ತಾದ ಅಳತೆ. ಪಾತ್ರೆ ತುಂಬ ಹೋಳಿಗೆ ಇದ್ದರೂ ಎರಡೇ. ಮನೆಯ ವ್ಯವಹಾರದಲ್ಲಿ ಅವನು ಬಾಯಿ ಹಾಕುವಂತಿಲ್ಲ. ಎರಡು ವರ್ಷ ಡಿವಿಡೆಂಡ್ ಕೊಡದೆ ಇದ್ದರೆ ಮಾತ್ರ ಎಲ್ಲದಕ್ಕೂ ಓಟು ಹಾಕುವ ಅಧಿಕಾರ ಬರುತ್ತದೆ ಎಂದು ಕಂಪನಿ ಕಾಯಿದೆ ಹೇಳುತ್ತದೆ. (ನಿಜವಾದ ಅಳಿಯಂದಿರು ಅಷ್ಟು ದಿನ ಕಾಯುವುದಿಲ್ಲ.) ಸಾಮಾನ್ಯ ಷೇರುದಾರಳು ಮನೆಯ ಸೊಸೆ. ಎಲ್ಲರದೂ ಆದ ಮೇಲೆ ಉಳಿದದ್ದು ಅವಳದು. ಒಂದು ದಿನ ಸಾರಿನ ತಳ, ಇನ್ನೊಂದು ದಿನ ಹೋಳಿಗೆಯ ಡಬ್ಬಿಯೇ. ಆದರೆ ಬೀಗದ ಕೈ ಅವಳ ಸೊಂಟದಲ್ಲಿ.

“ಅಳಿಯನಿಗಿಂತ ಮೊದಲು ಉಣ್ಣುವವರು ಯಾರೂ ಇಲ್ಲವೇನೋ?” ಎಂದೆ. ಹುಡುಗ ತಲೆ ಕೆರೆದುಕೊಂಡ. ಇದ್ದಾರೆ. ಬ್ಯಾಂಕಿನ ಸಾಲ, ಡಿಬೆಂಚರು, ಕೆಲಸಗಾರರ ಬಾಕಿ, ಸರ್ಕಾರದ ತೆರಿಗೆ ಎಲ್ಲ ಮೊದಲ ಪಂಕ್ತಿ. ಕಂಪನಿ ಮುಳುಗಿದರೆ ಅವರದೆಲ್ಲ ತೀರಿದ ಮೇಲೆ ಅಳಿಯ, ಆಮೇಲೆ ಸೊಸೆ. ಡಿವಿಡೆಂಡೂ ಲಾಭವಿದ್ದರೆ ಉಂಟು. ‘ಕ್ಯುಮುಲೇಟಿವ್’ ಆದರೆ ಈ ವರ್ಷದ ಬಾಕಿ ಮುಂದಿನ ವರ್ಷಕ್ಕೆ ಸೇರುತ್ತದೆ, ಅಲ್ಲದಿದ್ದರೆ ಹೋಯಿತು. ಮಧ್ಯೆ ದುಡ್ಡು ಬೇಕಾಯಿತೆನ್ನಿ, ಮಾರೋಣವೆಂದರೆ ಕೊಳ್ಳುವವರು ಸಿಗುವುದು ಕಷ್ಟ.

ಆ ಸಂಜೆ ಭಾವನವರು ಬಂದಿದ್ದರು. ಅವರು ಕುವೈತಿನಲ್ಲಿದ್ದವರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿದಾಗ, ಅಮ್ಮಾನಿನ ಮೂಲಕ ವಿಮಾನದಲ್ಲಿ ಊರಿಗೆ ಬಂದ ಸುಮಾರು 1,70,000 ಭಾರತೀಯರಲ್ಲಿ ಒಬ್ಬರು. “ಬ್ಯಾಂಕಿನಲ್ಲಿ ದಿನಾರ್ ಇತ್ತಮ್ಮ, ಕಿಸೆಯಲ್ಲಿ ಊಟಕ್ಕೆ ಇರಲಿಲ್ಲ” ಎಂದು ಅವರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅಂದು ಮಾತ್ರ ಅದು ಬೇರೆಯಾಗಿಯೇ ಕೇಳಿಸಿತು. ಬೇಕಾದಾಗ ಕೈಗೆ ಬಾರದ ಹಣಕ್ಕೆ ಯಾವ ಪಂಕ್ತಿಯಾದರೇನು?

ಮುಂದೆ ರಷ್ಯಾದಲ್ಲಿಯೇ ಇದಕ್ಕೆ ಸಾಕ್ಷಿ ಸಿಕ್ಕಿತು. ಮಾಸ್ಕೋದ ಷೇರುಪೇಟೆಯಲ್ಲಿ ಫೆಬ್ರವರಿ 28ರಿಂದ ಮಾರ್ಚ್ 24ರವರೆಗೆ ಷೇರು ವ್ಯಾಪಾರವೇ ನಿಂತಿತ್ತು. ಅಲ್ಲಿನ ಅತಿ ದೊಡ್ಡ ಬ್ಯಾಂಕು ಸ್ಬೆರ್‌ಬ್ಯಾಂಕ್. ಅದಕ್ಕೆ ಎರಡೂ ಬಗೆಯ ಷೇರುಗಳಿವೆ. 2021ರ ಲಾಭಕ್ಕೆ ಯಾರಿಗೂ ಡಿವಿಡೆಂಡ್ ಇಲ್ಲ ಎಂದಾಗ ಅಳಿಯನೂ ಬರಿಗೈ, ಸೊಸೆಯೂ ಬರಿಗೈ. 2023ರಲ್ಲಿ ಕೊಟ್ಟಾಗ ಇಬ್ಬರಿಗೂ ಷೇರಿಗೆ 25 ರೂಬಲ್ಲೇ. ಆದ್ಯತೆ ಕಾಗದದ ಮೇಲಿತ್ತು, ಅಷ್ಟೆ. ನಮ್ಮ ದೇಶ ಯುದ್ಧ ಹೂಡಿರಲಿಲ್ಲ, ನಿಜ. ಆದರೂ ಹೆಸರು ನೋಡಿ ಭದ್ರ ಎಂದುಕೊಳ್ಳುವುದು ಎಷ್ಟು ಸರಿ?

ನನ್ನ ಮನಸ್ಸನ್ನು ಕೊನೆಗೆ ತಿರುಗಿಸಿದ್ದು ಮಾತ್ರ ಅಡುಗೆಮನೆ. ಹೊರದೇಶದಿಂದ ನಮಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಉಕ್ರೇನಿನದು. ಮಾರ್ಚ್ ಹೊತ್ತಿಗೆ ಅಂಗಡಿಯವರು ಎಣ್ಣೆ ಪ್ಯಾಕೆಟ್ಟಿನ ಬೆಲೆಯನ್ನು ನನ್ನ ಮುಖ ನೋಡದೆ ಹೇಳತೊಡಗಿದರು. ಯುದ್ಧ ನಮ್ಮಂಥವರ ಮನೆಗೆ ಬರುವುದೇ ಹೀಗೆ, ಬೆಲೆಯಾಗಿ. ಎಣ್ಣೆ ಏರುತ್ತಲೇ ಹೋದರೂ ಆ ಎಂಟು ಪರ್ಸೆಂಟು ಏಳನೆಯ ವರ್ಷವೂ ಎಂಟೇ. ಸಾಮಾನ್ಯ ಷೇರಿಗೆ ಬೀಳುವ ಭಯವಿದೆ. ಆದರೆ ಕಂಪನಿ ತನ್ನ ಸರಕಿನ ಬೆಲೆ ಏರಿಸಿ ಲಾಭ ಮಾಡಿದರೆ ಅದರಲ್ಲಿ ಪಾಲೂ ಇದೆ.

ಒಂದು ಲೆಕ್ಕ ಹಾಕಿದೆ. ಅರವತ್ತು ದಾಟಿದವರಿಗೆ ಪೋಸ್ಟಾಫೀಸಿನ ಹಿರಿಯ ನಾಗರಿಕರ ಯೋಜನೆಯಲ್ಲಿ ಆಗ 7.4 ಪರ್ಸೆಂಟಿತ್ತು, ಹಿಂದೆ ಸರ್ಕಾರವೇ ನಿಂತಿತ್ತು. ಎರಡು ಲಕ್ಷಕ್ಕೆ ವರ್ಷಕ್ಕೆ 14,800 ರೂಪಾಯಿ. ಪ್ರಿಫರೆನ್ಸಿನಲ್ಲಾದರೆ 16,000. ವ್ಯತ್ಯಾಸ ತಿಂಗಳಿಗೆ ನೂರು ರೂಪಾಯಿ. ತಿಂಗಳಿಗೆ ನೂರು ರೂಪಾಯಿಗಾಗಿ ಏಳು ವರ್ಷ ಒಂದು ಕಂಪನಿಯ ಲಾಭನಷ್ಟಕ್ಕೆ ಕೊರಳು ಕೊಡಬೇಕೆ? ಎರಡು ಲಕ್ಷ ಪೋಸ್ಟಾಫೀಸಿಗೆ ಹೋಯಿತು. ಮಂಡಿನೋವಿಗೆ ಮುಂದೆ ಆಪರೇಶನ್ ಬೇಕಾದರೆ ಅದೇ ಹಣ; ಅದನ್ನು ಅಳಿಯನಿಗೂ ಕೊಡಲಿಲ್ಲ, ಸೊಸೆಗೂ ಕೊಡಲಿಲ್ಲ.

ಉಳಿದ ಒಂದು ಲಕ್ಷ ಹತ್ತು ವರ್ಷ ಬೇಡದ ಹಣ. ಅದರಲ್ಲಿ ತಿಂಗಳಿಗೆ ಹತ್ತು ಸಾವಿರದಂತೆ, ನಾಲ್ಕಾರು ಬೇರೆ ಬೇರೆ ಕಂಪನಿಗಳ ಸಾಮಾನ್ಯ ಷೇರು ಕೊಳ್ಳಲು ಹೇಳಿದೆ. ಹುಡುಗನ ಮುಖ ಸಪ್ಪಗಾಯಿತು. “ಯುದ್ಧ ನಡೆಯುತ್ತಿದೆ ಚಿಕ್ಕಮ್ಮ!” “ಅದಕ್ಕೇ ಕಣೋ ಒಂದೇ ಸಲಕ್ಕೆ ಬೇಡ ಅಂದದ್ದು” ಎಂದೆ.

ಏಪ್ರಿಲ್ ಮೊದಲಿಗೆ ಸೆನ್ಸೆಕ್ಸ್ ಮತ್ತೆ 60,000 ದಾಟಿತು. ಜೂನ್ ನಡುವೆ 52,000ಕ್ಕಿಂತ ಕೆಳಗಿಳಿಯಿತು. ಹುಡುಗ ಫೋನ್ ಮಾಡಿ “ನಿಲ್ಲಿಸೋಣವೇ?” ಎಂದ. ಬೇಡವೆಂದೆ. ಹತ್ತು ಸಾವಿರಕ್ಕೆ ಏಪ್ರಿಲ್‌ನಲ್ಲಿ ಬಂದದ್ದಕ್ಕಿಂತ ಆ ತಿಂಗಳು ಹೆಚ್ಚು ಷೇರು ಬಂದವು. ನಮ್ಮವರು ಪೇಪರ್ ಕೆಳಗಿಟ್ಟು “ಯಾವ ಕಂಪನಿಯದು?” ಎಂದು ಕೇಳಿದ್ದು ಅಂದೇ ಮೊದಲು.