ಉಸಿರಿಗೆ ಹಾಡನ್ನು ಹುಡುಕುತ್ತ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ಗೃಹಸ್ಥರು ಮುಂಜಾನೆ ಕೂಡಿ ಯೋಗಾಭ್ಯಾಸ ಮಾಡುವ ಪರಿಪಾಠವುಂಟು. ಮುಕ್ಕಾಲು ತಾಸಿನ ಆ ಅಭ್ಯಾಸಕ್ಕೆ ತಕ್ಕ ಹಾಡುಗಳನ್ನು ಆಯ್ದು ಮೊಬೈಲಿನಲ್ಲಿ ಅನುಕ್ರಮವಾಗಿ ಜೋಡಿಸುವ ಕೆಲಸವು ನಮ್ಮ ಪಾಲಿಗೆ ಬಂದಿದ್ದಿತು. ಕಿವಿಗೆ ಇಂಪಾದುವನ್ನೆಲ್ಲ ಉತ್ಸಾಹದಿಂದ ಕೂಡಿಹಾಕಿದೆವು. ನಾಲ್ಕನೆಯ ದಿವಸ ಸೂರ್ಯನಮಸ್ಕಾರದ ನಡುವೆ, ಹಿನ್ನೀರಿನಲ್ಲಿ ಮುಳುಗಿದ ಹಳೆಯ ಪೇಟೆಯಿಂದ ಬಂದ ವೃದ್ಧೆಯೊಬ್ಬರು ಏದುಸಿರು ಬಿಡುತ್ತ ಕುಳಿತುಬಿಟ್ಟರು. “ಹಾಡು ಓಡಾಕ ಹತ್ತೇತಿ ತಮ್ಮಾ, ಅದರ ಬೆನ್ನ ಹತ್ತಿ ಓಡೂದು ನನ್ನ ಕೈಲೆ ಆಗೂದಿಲ್ಲ” ಎಂದರು. ಮರುದಿನದಿಂದ ಅವರು ಬರಲಿಲ್ಲ. ತಪ್ಪು ನಮ್ಮದೆಂಬುದರಲ್ಲಿ ಸಂದೇಹವಿರಲಿಲ್ಲ.

ಈ ಅಳುಕು ಮನಸ್ಸಿನಲ್ಲಿದ್ದಾಗಲೇ ಇಳಕಲ್ಲಿನ ಬಂಧುಗಳ ಮನೆಯಲ್ಲಿ ಕಾರ್ಯವೊಂದು ಒದಗಿತು. ನೆಟ್ಟಗಿನ ದಾರಿಯನ್ನು ಬಿಟ್ಟು, ಬಾದಾಮಿಯ ಮೇಲೆ ಹಾಯ್ದು ಹೋಗುವುದೆಂದು ನಿಶ್ಚಯಿಸಿದೆವು.

ಬಾದಾಮಿಯ ಮೊದಲನೆಯ ಗುಹೆಯ ಬಳಿಯಲ್ಲಿರುವ 18 ಕೈಗಳ ನಟರಾಜನನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಬಂದವರೆಲ್ಲ ಕೈಗಳನ್ನು ಎಣಿಸುತ್ತಾರೆ, ನಾವೂ ಎಣಿಸಿದೆವು. ಆದರೆ ಈ ಸಲ ನಮ್ಮ ದೃಷ್ಟಿಯು ಪಕ್ಕದಲ್ಲಿ ವಾದ್ಯ ಬಾರಿಸುತ್ತಿರುವವನ ಮೇಲೆ ನಿಂತಿತು. ಕುಣಿಯುವವನು ದೊಡ್ಡವನು, ಬಾರಿಸುವವನು ಚಿಕ್ಕವನು. ನಾವು ನಮ್ಮ ಅಭ್ಯಾಸದಲ್ಲಿ ಇದನ್ನು ತಿರುವುಮುರುವು ಮಾಡಿದ್ದೆವು!

ಅಲ್ಲಿಂದ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗಮಂದಿರಕ್ಕೆ ಹೋದೆವು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಯೋಗಕ್ಕೂ ಶಾಸ್ತ್ರಾಧ್ಯಯನಕ್ಕೂ ಹೆಸರಾದುದು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತ ಕಲಿಯಲಿಕ್ಕೆ ಆಶ್ರಯವಿತ್ತವರೂ ಇದೇ ಸ್ವಾಮಿಗಳು. ಆ ವಿದ್ಯೆಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಿಂದ ಮುಂದೆ ಬೆಳೆಯಿತು. ಯೋಗವೂ ಗಾನವೂ ಒಂದೇ ಅಂಗಳದಲ್ಲಿ ಆಡಿದ ಈ ಸ್ಥಳದಲ್ಲಿ ಕುಳಿತು ನಾವು ಲೆಕ್ಕ ಹಾಕಿದೆವು.

ಸೂರ್ಯನಮಸ್ಕಾರದ ಸ್ಥಿತಿಗಳು 12. ಒಂದೊಂದಕ್ಕೆ 4 ಮಾತ್ರೆಗಳಂತೆ ಹಿಡಿದರೆ 48 ಮಾತ್ರೆಗಳಾದುವು. ಅಂದರೆ ತೀನತಾಲದ ಸರಿಯಾಗಿ ಮೂರು ಆವರ್ತನಗಳು. ನಿಮಿಷಕ್ಕೆ 60 ಮಾತ್ರೆಗಳ ಲಯವಿದ್ದರೆ ಒಂದು ನಮಸ್ಕಾರಕ್ಕೆ 48 ಸೆಕೆಂಡುಗಳು ದೊರೆಯುವುವು. ನಾವು ಹಾಕಿದ್ದ ಚಲನಚಿತ್ರಗೀತದ ಲಯವು ಇದಕ್ಕೆ ಇಮ್ಮಡಿಯದು. 24 ಸೆಕೆಂಡುಗಳಲ್ಲಿ ಬಾಗಿ, ಮಲಗಿ, ಏಳಬೇಕಾಗಿದ್ದಿತು. ಎಪ್ಪತ್ತು ದಾಟಿದ ಜೀವವು ಕುಳಿತುಬಿಟ್ಟುದರಲ್ಲಿ ಆಶ್ಚರ್ಯವೇನು?

ಅಮೀನಗಡದಲ್ಲಿ ಕರದಂಟು ಕೊಂಡೆವು. (ಯೋಗಾಭ್ಯಾಸಿಗಳು ಕರದಂಟನ್ನು ತಿನ್ನಬಹುದೇ ಎಂದು ಯಾರೂ ಕೇಳಬಾರದು.) ಹುನಗುಂದದಲ್ಲಿ ಚಹಕ್ಕಷ್ಟೇ ನಿಂತು, ಸಂಜೆಗೆ ಇಳಕಲ್ಲನ್ನು ಸೇರಿದೆವು.

ಬಂಧುಗಳ ನೆರೆಮನೆಯಲ್ಲಿ ಕುಣಿಮಗ್ಗವಿದ್ದಿತು. ಲಾಳಿಯ ಸಪ್ಪಳವನ್ನು ಕೇಳುತ್ತ ಕುಳಿತೆವು. ಕಾಲು ತುಳಿದಂತೆ ಕೈ, ಕೈಯಂತೆ ಸಪ್ಪಳ. ಇಳಕಲ್ಲ ಸೀರೆಯ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವರು. ನೇಕಾರರಾದ ಹಿರಿಯರೊಡನೆ ನಮ್ಮ ಹಾಡುಗಳ ತೊಡಕನ್ನು ಹೇಳಿಕೊಂಡಾಗ ಅವರು ನಕ್ಕು, “ಎಳಿ ಛಲೋ ಇದ್ದರ ಸಾಲದ್ರಿ, ಕೊಂಡಿ ಹಾಕೂದ್ರಾಗ ಅವಸರ ಮಾಡಬಾರದು” ಎಂದರು. ನಾವು ಹಾಡಿನಿಂದ ಹಾಡಿಗೆ ಒಮ್ಮೆಗೇ ಜಿಗಿಯುತ್ತಿದ್ದುದು ಆಗ ನೆನಪಿಗೆ ಬಂದಿತು.

ಆ ರಾತ್ರಿಯೇ ಹೊಸ ಅನುಕ್ರಮವನ್ನು ಸಿದ್ಧಮಾಡಿದೆವು. ಆರಂಭದ 5 ನಿಮಿಷ ಬರಿಯ ತಂಬೂರಿ. ಸೂರ್ಯನಮಸ್ಕಾರಕ್ಕೆ 60 ಮಾತ್ರೆಗಳ ತಬಲಾ ಠೇಕೆ. ನಿಂತು ಮಾಡುವ ಆಸನಗಳಿಗೆ ಕೊಳಲಿನ ವಿಲಂಬಿತ ಆಲಾಪ. ಪ್ರಾಣಾಯಾಮಕ್ಕೆ ಏನೂ ಬೇಡ, ಅಲ್ಲಿ ಉಸಿರೇ ಕೇಳಬೇಕು. ಶವಾಸನಕ್ಕೆ ಮತ್ತೆ ತಂಬೂರಿ, ಅರ್ಧ ಧ್ವನಿಯಲ್ಲಿ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳನ್ನು ಕಡೆಗೆ ಇಟ್ಟೆವು. ಮಾತಿರುವ ಹಾಡು ಆಸನದ ನಡುವೆ ಬಂದರೆ ಮನಸ್ಸು ಅರ್ಥದ ಹಿಂದೆ ಹೋಗುವುದು. ಎರಡರ ನಡುವೆ ಅರ್ಧ ನಿಮಿಷ ಮೌನ.

ಊರಿಗೆ ಮರಳಿ, ಕರದಂಟಿನ ಪೊಟ್ಟಣದೊಡನೆ ಆ ತಾಯಿಯವರ ಮನೆಗೆ ಹೋದೆವು. ತಬಲಾದ ಠೇಕೆಯನ್ನು ಅವರಿಗೆ ಕೇಳಿಸಿದೆವು. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಮೂರು ಆವರ್ತನಗಳನ್ನು ಕೇಳಿ, “ಇನ್ನೂ ಒಂದೀಟ ಸಾವಕಾಶ ಆಗಲಿ” ಎಂದರು. 60ನ್ನು 52ಕ್ಕೆ ಇಳಿಸಿದೆವು. ಸೋಮವಾರ ಮುಂಜಾನೆ ಅವರ ಚಾಪೆಯು ಮೊದಲನೆಯ ಸಾಲಿನಲ್ಲಿದ್ದಿತು.