ಮಧ್ಯಾಹ್ನ ಮೂರರ ಮೇಲೆ

ಚಿತ್ರದುರ್ಗದ ಬೇಸಿಗೆಯಲ್ಲಿ ಮಧ್ಯಾಹ್ನ ಮೂರು ಗಂಟೆಯೆಂದರೆ, ಬೆಳಗಿನಿಂದ ಕುಡಿದ ಬಿಸಿಲನ್ನು ಕೋಟೆಯ ಬಂಡೆಗಳು ಊರಿಗೆ ವಾಪಸು ಕೊಡುವ ಹೊತ್ತು. 2022ರ ಏಪ್ರಿಲಿನಲ್ಲಿ ನಮ್ಮ ಮನೆಯ ಕಂಪ್ಯೂಟರು ಆರಿಹೋಗುತ್ತಿದ್ದುದೂ ಆ ಹೊತ್ತಿಗೇ. ಇದನ್ನು ಮೊದಲು ಗಮನಿಸಿದವರು ಅಮ್ಮ.

ಕಂಪ್ಯೂಟರು ಅಪ್ಪನದು. ನಿವೃತ್ತರಾದ ಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಕಿಸಿಕೊಂಡು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಎರಡೇ ಬೆರಳಿನಲ್ಲಿ ಕಲಿತು, ಅಜ್ಜಿ ಹೇಳಿದ್ದನ್ನೆಲ್ಲ ಟೈಪು ಮಾಡುತ್ತಿದ್ದರು. ಅಜ್ಜಿಯ ತವರು ಹಿರಿಯೂರಿನ ಕಡೆ. 1933ರಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದಾಗ ಅವಳಿಗೆ ಎಂಟು ವರ್ಷ. ಬುತ್ತಿ ಕಟ್ಟಿಕೊಂಡು, ಎತ್ತಿನ ಗಾಡಿಯಲ್ಲಿ ನೋಡಲು ಹೋದ ಕತೆಯನ್ನು ಕೊನೆಯವರೆಗೂ ಹೇಳುತ್ತಿದ್ದಳು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದಿರಲಿಲ್ಲ. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರು. ಅಪ್ಪನ ಅವಸರಕ್ಕೆ ಅದೇ ಕಾರಣ. ವಾಕ್ಯ ಅರ್ಧಕ್ಕೆ ಬಂದಿರುವಾಗ ಒಮ್ಮೆ ನೀಲಿ ಪರದೆ, ಒಮ್ಮೆ ಬರೀ ಕತ್ತಲೆ. ಸೇವ್ ಮಾಡದ ಎರಡು ಪುಟ ಹೋದ ದಿನ ಅವರು ರಾತ್ರಿ ಊಟ ಮಾಡಲಿಲ್ಲ.

ಒಂದು ಅಂಗಡಿಗೆ ಒಯ್ದೆವು. ವೈರಸ್ ಅಂದರು, ಫಾರ್ಮ್ಯಾಟ್ ಮಾಡಿದರು. ಅಲ್ಲಿನ ಏಸಿ ಕೋಣೆಯಲ್ಲಿ ಮೂರು ದಿನ ಚೆನ್ನಾಗಿ ನಡೆಯಿತು. ಮನೆಗೆ ತಂದರೆ ಮತ್ತೆ ಅದೇ. ಎರಡನೇ ಸಲವೂ ಹಾಗೇ ಆಯಿತು. ಆಗ ಅಮ್ಮ, ಅಕ್ಕಿ ಆರಿಸುತ್ತಾ ಕೂತವರು, ‘ಬೆಳಿಗ್ಗೆ ಎಷ್ಟೊತ್ತು ಕೂತ್ರೂ ಏನೂ ಆಗಲ್ಲ. ಮೂರರ ಮೇಲೇ ಆರಿಹೋಗುತ್ತೆ, ನೋಡಿದ್ಯೇನೋ?’ ಅಂದರು. ನಾನು ನೋಡಿರಲಿಲ್ಲ. ಮರುದಿನದಿಂದ ಕ್ಯಾಲೆಂಡರಿನ ಮೇಲೆ ಹೊತ್ತು ಬರೆದಿಟ್ಟೆ. ಐದು ದಿನವೂ ಮೂರಕ್ಕೂ ಐದಕ್ಕೂ ನಡುವೆ. ವೈರಸ್ಸಿಗೆ ಗಡಿಯಾರ ನೋಡುವ ಅಭ್ಯಾಸ ಇರಲಾರದು ಎಂದು ನನಗೆ ಖಚಿತವಾಯಿತು.

ಹೊಸದುರ್ಗದಿಂದ ಸೋದರಮಾವ ಬಂದರು. ತೋಟಗಳ ಬೋರ್‌ವೆಲ್ ಮೋಟರಿಗೆ ವೈಂಡಿಂಗ್ ಮಾಡುವವರು. ಸುಟ್ಟ ತಂತಿ ನೋಡಿ, ಒಂದು ಫೇಸು ಹೋಗಿ ಸುಟ್ಟಿತೋ ಲೋಡು ಹೆಚ್ಚಾಗಿ ಸುಟ್ಟಿತೋ ಹೇಳಬಲ್ಲರು. ಕಂಪ್ಯೂಟರನ್ನು ಅವರು ಅದುವರೆಗೆ ಬಿಚ್ಚಿದವರಲ್ಲ. ಆದರೆ ‘ಮೊದಲು ಕರೆಂಟು ನೋಡು, ಆಮೇಲೆ ಶಾಖ. ಮಿಕ್ಕಿದ್ದೆಲ್ಲ ಅದಾದ ಮೇಲೆ ಅಳಿಯ. ಒಂದು ಸಲಕ್ಕೆ ಒಂದೇ ಬದಲಾಯಿಸು’ ಅಂದರು. ಇಷ್ಟು ಒಳ್ಳೆಯ ಪಾಠ ನನಗೆ ಯಾವ ತರಗತಿಯಲ್ಲೂ ಸಿಕ್ಕಿಲ್ಲ.

ಪೆಟ್ಟಿಗೆಯ ಕಬ್ಬಿಣ ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತು. ಮಾವ ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿ ತೆಗೆಸಿದರು. ಉಪ್ಪು, ಇದ್ದಿಲು ಹಾಕಿದ್ದ ಮಣ್ಣು ಒಣಗಿ ಬಿರಿದಿತ್ತು. ಒಣ ಮಣ್ಣು ಕರೆಂಟನ್ನು ಭೂಮಿಗೆ ಸರಿಯಾಗಿ ಬಿಡುವುದಿಲ್ಲ. ಎರಡು ಕೊಡ ನೀರು ಹೊಯ್ದೆವು, ಜುಂ ನಿಂತಿತು. ಕಂಪ್ಯೂಟರು ಮಾತ್ರ ಆ ಮಧ್ಯಾಹ್ನವೂ ಆರಿತು. ರ‍್ಯಾಮಿನ ಹಳದಿ ಕಾಲುಗಳನ್ನು ರಬ್ಬರಿನಿಂದ ಒರೆಸಿ ಹಾಕಿದೆ, ಆಗಲೂ ಆರಿತು.

ಆಮೇಲೆ ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿದೆವು. ಅದರ ಕೆಳಗೆ, ಅಲ್ಯೂಮಿನಿಯಂ ಪಟ್ಟಿಗಳ ಸಾಲಿನ ಮೇಲೆ, ಚಳ್ಳಕೆರೆ ಕಂಬಳಿಯನ್ನು ಕತ್ತರಿಸಿ ಹೊದಿಸಿದಂತೆ ಧೂಳು ದಪ್ಪಗೆ ಕೂತಿತ್ತು. ಜೋಗಿಮಟ್ಟಿಯ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮ ಕಿಟಕಿಯಿಂದಲೂ ಬರುತ್ತದೆ, ಕೆಮ್ಮಣ್ಣು ಹೊತ್ತು ಬರುತ್ತದೆ. ಫ್ಯಾನು ತಿರುಗುತ್ತಲೇ ಇತ್ತು. ಆದರೆ ಬಿಸಿ ಹೊರಗೆ ಹೋಗಲು ದಾರಿಯಿರಲಿಲ್ಲ. ಪ್ರೊಸೆಸರಿನ ಶಾಖ ನೂರು ಡಿಗ್ರಿಯ ಹತ್ತಿರ ಹೋದರೆ ತನ್ನನ್ನು ಕಾಪಾಡಿಕೊಳ್ಳಲು ಅದೇ ಆರಿಹೋಗುತ್ತದೆ. ಅಂದರೆ ನಾವು ರೋಗ ಎಂದುಕೊಂಡಿದ್ದು ಅದರ ರಕ್ಷಣೆಯಾಗಿತ್ತು.

ನನಗೆ ಕೋಟೆಯ ಹೊಂಡಗಳು ನೆನಪಾದವು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಊರಿನ ಕಡೆಗೆ. ಒಳಬರುವುದಕ್ಕೆ ಇಟ್ಟಷ್ಟೇ ಗಮನವನ್ನು ಹೊರಹೋಗುವುದಕ್ಕೂ ಇಟ್ಟು ಕಟ್ಟಿದರು ಆ ಜನ. ನಾವೋ ಕಂಪ್ಯೂಟರಿನ ಬೆನ್ನನ್ನು ಗೋಡೆಗೆ ಒತ್ತಿ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದೆವು.

ಪೆಟ್ಟಿಗೆಯನ್ನು ಅಂಗಳಕ್ಕೆ ತಂದು, ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು, ಹೊಸ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದೆವು. ಪ್ರೊಸೆಸರಿನ ಮೇಲಿನ ಪೇಸ್ಟು ಸುಣ್ಣದಂತೆ ಒಣಗಿತ್ತು. ಒರೆಸಿ ಹೊಸದು ಹಚ್ಚಿದೆವು. ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದೆವು. ಅಂದು ಅಪ್ಪ ಸಂಜೆ ಆರರವರೆಗೂ ಕೂತರು. ಅಮ್ಮ ಗಡಿಯಾರ ನೋಡಿ ಟೀ ತಂದಿಟ್ಟರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ತುಂಬಿ, 89 ವರ್ಷಗಳ ನಂತರ ಕೋಡಿ ಬಿತ್ತು. ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅಜ್ಜಿಯ ಗಾಡಿ ನಿಂತಿದ್ದ ಜಾಗ ಯಾವುದಿರಬಹುದೆಂದು ಅವರು ಬಹಳ ಹೊತ್ತು ಹುಡುಕಿದರು. ಮರುದಿನ ಕೊನೆಯ ಅಧ್ಯಾಯಕ್ಕೆ ಕೂತರು. ಆ ಬರಹದ ಒಂದು ಪ್ರತಿ ಈಗ ಹೊಸದುರ್ಗದಲ್ಲಿ ಮಾವನ ಮನೆಯಲ್ಲಿದೆ, ಇನ್ನೊಂದು ಹೊಳಲ್ಕೆರೆಯಲ್ಲಿ ತಂಗಿಯ ಮನೆಯಲ್ಲಿದೆ.