ಗಾಳಿಕೊಡೆಗೊಂದು ಗಾಲಿಚೀಲ

ಯೋಗಕ್ಷೇಮವೆಂಬ ಮಾತು ನಮ್ಮ ಮನೆಗಳಲ್ಲಿ ಬಹು ಬಳಕೆಯದು. ಕಾಗದ ಬರೆಯುವ ಕಾಲದಲ್ಲಿ ಮೊದಲನೆಯ ಸಾಲಿನಲ್ಲಿಯೇ ಅದು ಬರುತ್ತಿದ್ದಿತು. ಶಾಸ್ತ್ರಜ್ಞರು ಈ ಮಾತನ್ನು ಎರಡಾಗಿ ಬಿಡಿಸಿ ಅರ್ಥ ಹೇಳುವರು: ಇಲ್ಲದುದನ್ನು ದೊರಕಿಸಿಕೊಳ್ಳುವುದು ಯೋಗ, ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಯೋಗದ ವಿಷಯದಲ್ಲಿ ಜನರಿಗಿರುವ ಉತ್ಸಾಹವು ಕ್ಷೇಮದ ವಿಷಯದಲ್ಲಿ ಇರುವುದಿಲ್ಲ. ಸಾವಿರಾರು ರೂಪಾಯಿ ತೆತ್ತು ವೀಣೆಯನ್ನು ತಂದವರು ಅದರ ಗವಸಣಿಗೆಗೆ ಮಾತ್ರ ಹಳೆಯ ಹರಕು ಬಟ್ಟೆಯನ್ನು ಹುಡುಕುವರು. ಆಸೆಪಟ್ಟು ಗ್ರಂಥಗಳನ್ನು ಕೊಂಡವರು ಅವುಗಳನ್ನು ಅಟ್ಟದ ಮೇಲಿನ ಗೆದ್ದಲಿಗೆ ಒಪ್ಪಿಸುವರು. ಈ ಕ್ಷೇಮದ ಒಂದು ಚಿಕ್ಕ ಶಾಖೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ನಮ್ಮ ಉದ್ದೇಶ. ವಿಮಾನದಿಂದ ಧುಮುಕುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಕೊಡೆಯನ್ನು ಊರಿಂದೂರಿಗೆ ಒಯ್ಯಲು ಎಂಥ ಗಾಲಿಚೀಲವನ್ನು ಆರಿಸಬೇಕೆಂಬುದೇ ಆ ವಿಷಯ.

ವಾಚಕರಲ್ಲಿ ಕೆಲವರು ನಗಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಈ ಸೀಮೆ ಎರೆಮಣ್ಣಿನದು, ತೊಗರಿ ಹತ್ತಿಗಳದು, ಬಂಡೆಗುಡ್ಡಗಳದು. ಇಲ್ಲಿ ಆಕಾಶದಿಂದ ಧುಮುಕುವವರು ಯಾರೆಂದು ಕೇಳಬಹುದು. ಬೇರೆ ಯಾರನ್ನೂ ನಾವರಿಯೆವು. ನಮ್ಮ ಕಿರಿಯ ಮಗಳೊಬ್ಬಳು ಧುಮುಕುವಳು. ಆಕೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವಳು. ಉದ್ಯೋಗದ ನಿಮಿತ್ತ ಕೆಲವು ತಿಂಗಳು ಪರದೇಶದಲ್ಲಿದ್ದಾಗ ಈ ವಿದ್ಯೆಯನ್ನು ಕಲಿತು, ನಿಯಮದ ಮೇರೆಗೆ 25 ಜಿಗಿತಗಳನ್ನು ಪೂರೈಸಿ, ಅಮೆರಿಕದ ಪ್ಯಾರಾಚೂಟ್ ಸಂಘದ ‘ಎ’ ಪರವಾನಗಿಯನ್ನು ಪಡೆದಳು. ಮುಂದೆ ತನ್ನ ಸಂಬಳದಲ್ಲಿ ಉಳಿಸಿ ಸ್ವಂತದ ಗಾಳಿಕೊಡೆಯನ್ನೂ ಕೊಂಡಳು. ಈ ಸುದ್ದಿಯನ್ನು ಕೇಳಿದಾಗ ನಮ್ಮ ಮನೆಯವರು ಎರಡು ದಿನ ಸರಿಯಾಗಿ ಊಟಮಾಡಲಿಲ್ಲ.

ಅವರನ್ನು ಸಮಾಧಾನಪಡಿಸುವುದಕ್ಕಾಗಿ ನಾವು ಹಿಂದಿನವರ ವೃತ್ತಾಂತಗಳನ್ನು ಹುಡುಕಿ ಹೇಳಿದೆವು. 1941ರಲ್ಲಿ ಹಿಂದುಸ್ಥಾನದ ಸೈನ್ಯದಲ್ಲಿ ಮೊದಲ ಗಾಳಿಕೊಡೆಯ ಪಡೆ ಕಟ್ಟಲ್ಪಟ್ಟಾಗ, ಮೊಟ್ಟಮೊದಲು ಧುಮುಕಿದ ಭಾರತೀಯರಲ್ಲಿ ಎ. ಜಿ. ರಂಗರಾಜರೆಂಬ ವೈದ್ಯರೊಬ್ಬರಿದ್ದರು. ರೈಲ್ವೆಯ ನೌಕರಿಯಲ್ಲಿದ್ದ ರಾಚೆಲ್ ಥಾಮಸ್ ಎಂಬ ಗೃಹಿಣಿಯು 1979ರಲ್ಲಿ ಆಗ್ರಾದಲ್ಲಿ ಧುಮುಕಲಾರಂಭಿಸಿ, 2002ರಲ್ಲಿ ಉತ್ತರಧ್ರುವದ ಮೇಲೆಯೂ ಧುಮುಕಿ, 2005ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ಮೈಸೂರಿನಲ್ಲಿಯೂ ಸಾಮಾನ್ಯ ಜನರಿಗಾಗಿ ಧುಮುಕುವ ಶಿಬಿರಗಳು ನಡೆದಿವೆ. ಇದನ್ನೆಲ್ಲ ಕೇಳಿದ ಮೇಲೆ ಮನೆಯವರು, “ಅವರೆಲ್ಲಾ ದೊಡ್ಡವರು. ಇದು ನಮ್ಮ ಕೂಸು ಅದ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈಗ ಆ ಸಾಮಗ್ರಿಯ ಸ್ವರೂಪವನ್ನು ತಿಳಿಸುವೆವು. ಆಧೇಯವನ್ನು ಅರಿಯದೆ ಆಧಾರವನ್ನು ಆರಿಸುವುದು ಸಲ್ಲದು. ಬೆನ್ನಿಗೆ ಕಟ್ಟುವ ಗಂಟಿನಲ್ಲಿ ಕೊಡೆ ಒಂದಲ್ಲ, ಎರಡು: ಒಂದು ಮುಖ್ಯವಾದುದು, ಇನ್ನೊಂದು ಮೀಸಲಿನದು. ಮುಖ್ಯವಾದುದು ಕೈಕೊಟ್ಟರೆ ಮೀಸಲಿನದು ಕಾಯಬೇಕು. ಇವೆರಡರ ಜೊತೆಗೆ ವಾಯುವಿನ ಒತ್ತಡವನ್ನು ಅಳೆಯುವ ಒಂದು ಪುಟ್ಟ ಯಂತ್ರವಿರುವುದು. ಜಿಗಿದವನು ಎಚ್ಚರದಪ್ಪಿ, ನೆಲದಿಂದ ಸುಮಾರು 225 ಮೀಟರಿನಷ್ಟು ಎತ್ತರದಲ್ಲಿಯೂ ವೇಗವಾಗಿ ಬೀಳುತ್ತಲೇ ಇದ್ದರೆ, ಅದು ತಾನಾಗಿಯೇ ದಾರವನ್ನು ಕತ್ತರಿಸಿ ಮೀಸಲಿನ ಕೊಡೆಯನ್ನು ಬಿಡಿಸುವುದು. ಈ ಜಾತಿಯ ಯಂತ್ರಗಳಲ್ಲಿ ಹೆಸರಾದ ‘ಸೈಪ್ರೆಸ್’ ಎಂಬುದು 1991ರಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದಿತು. ಮೀಸಲಿನ ಕೊಡೆಯನ್ನು ಕಂಡಕಂಡವರು ಮಡಿಸತಕ್ಕದ್ದಲ್ಲ. ಅದಕ್ಕೆ ಪರವಾನಗಿ ಪಡೆದ ಪರಿಣತರಿರುವರು. ಅದನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸುವುದಕ್ಕೆ ಅಮೆರಿಕದ ನಿಯಮವು 180 ದಿನಗಳ ಅವಧಿಯನ್ನು ವಿಧಿಸಿದೆ. ಇಷ್ಟೆಲ್ಲ ಸೇರಿ ತೂಕ ಹತ್ತು ಹದಿನೈದು ಕಿಲೋ. ಬೆಲೆ ಮಾತ್ರ ಹಲವು ಲಕ್ಷ ರೂಪಾಯಿ.

ಹಿಂದೆ ಈ ಕೊಡೆಗಳು ರೇಷ್ಮೆಯವು. ಎರಡನೆಯ ಮಹಾಯುದ್ಧದ ಕಾಲದಿಂದ ನೈಲಾನಿನವು. ನೈಲಾನು ಗಟ್ಟಿಯಾದ ನೂಲಾದರೂ ಅದಕ್ಕೂ ಶತ್ರುಗಳುಂಟು. ಬಿಸಿಲಿನ ನೇರಳಾತೀತ ಕಿರಣವು ಅದನ್ನು ಹೊರಗೆ ಕಾಣದಂತೆ ಸವೆಯಿಸುವುದು. ಬ್ಯಾಟರಿಯ ಆಮ್ಲವು ಸುಡುವುದು. ಸಣ್ಣ ಮರಳು ಎಳೆಗಳ ನಡುವೆ ಸೇರಿ ಅರದಂತೆ ಉಜ್ಜುವುದು. ತೇವವು ಬೂಷ್ಟನ್ನು ಹಿಡಿಸುವುದು. ವೈಶಾಖದಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲೂ, ಗಾಳಿ ಎದ್ದರೆ ಬಾಗಿಲು ಹಾಕಿದರೂ ಒಳಬರುವ ಧೂಳೂ ಉಳ್ಳ ನಮ್ಮ ಸೀಮೆಯಲ್ಲಿ ಈ ಶತ್ರುಗಳಿಗೆ ಬರಗಾಲವಿಲ್ಲ. ಧುಮುಕುವವನು ಆಕಾಶದಲ್ಲಿರುವುದು ಕೆಲವೇ ನಿಮಿಷ. ಕೊಡೆಯು ನೆಲದ ಮೇಲೆ ರೈಲು, ಮೋಟಾರು, ಆಟೋರಿಕ್ಷಾಗಳಲ್ಲಿ ಕಳೆಯುವುದು ದಿನಗಟ್ಟಲೆ. ಆದುದರಿಂದ ಚೀಲದ ವಿಚಾರವು ಅಲ್ಪವಾದುದಲ್ಲ.

ಇದು ನಮಗೆ ಮನದಟ್ಟಾದುದು ಒಂದು ದೀಪಾವಳಿಗೆ. ಮಗಳು ಬೆಂಗಳೂರಿನಿಂದ ಹಬ್ಬಕ್ಕೆ ಬಂದು, ಇಲ್ಲಿಂದಲೇ ದಿಲ್ಲಿಗೂ, ಅಲ್ಲಿಂದ ಹರಿಯಾಣದ ನಾರ್ನೌಲಿನ ಬಳಿಯ ವಿಮಾನಪಟ್ಟಿಗೂ ಹೋಗಿ ಧುಮುಕುವುದೆಂದು ಗೊತ್ತಾಗಿತ್ತು. ದೊಡ್ಡ ಪಟ್ಟಣದ ಅಂಗಡಿಯೊಂದರಲ್ಲಿ ಕೊಂಡ, ಕನ್ನಡಿಯಂತೆ ಹೊಳೆಯುವ ನಾಲ್ಕು ಗಾಲಿಯ ಚೀಲವನ್ನು ತಂದಿದ್ದಳು. ಯಾದಗಿರಿಯಲ್ಲಿ ಇಳಿದು ಮೆಟ್ಟಿಲುಗಳನ್ನು ದಾಟುವಾಗ ಒಂದು ಗಾಲಿಯ ಅಚ್ಚು ಮುರಿಯಿತು. ಗದ್ದಲದಲ್ಲಿ ತಿಳಿಯದೆ ಚೀಲವನ್ನು ಹಾಗೆಯೇ ಎಳೆದು ತಂದಳು. ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ತಿರುವಿ ನೋಡಿದಾಗ ತಳದ ಮೂಲೆ ಸವೆದು ತೂತಾಗಿದ್ದಿತು. ಒಳಗೆ ತೊಡೆಗೆ ಕಟ್ಟುವ ಪಟ್ಟಿಯ ಅಂಚು ತಿಕ್ಕಿ ನೂಲೆದ್ದಿದ್ದಿತು. ಮನೆಯವರು ಆ ತೂತಿನೊಳಗೆ ಬೆರಳಿಟ್ಟು, “ಚೀಲದ ತೂತು ಕಾಣಸ್ತದ, ಒಳಗಿನ ತೂತು ಯಾರಿಗೆ ಕಾಣಸ್ತದ?” ಎಂದು ಕೇಳಿದರು. ಮಗಳು ಮರುಮಾತಾಡದೆ ಆ ಸಲದ ಜಿಗಿತವನ್ನು ಬಿಟ್ಟುಕೊಟ್ಟಳು. ಪಟ್ಟಿಯನ್ನು ಪರಿಣತರಿಗೆ ತೋರಿಸಿದಾಗ ಅದನ್ನು ಬದಲಿಸಲೇಬೇಕೆಂದರು. ಅಂಗಡಿಯವರನ್ನು ಕೇಳಿದುದಕ್ಕೆ, ಚೀಲಕ್ಕೆ ಐದು ವರ್ಷದ ಭರವಸೆಯುಂಟು, ಗಾಲಿಗಿಲ್ಲ ಎಂದರು. ಗಾಲಿಯಿಲ್ಲದ ಮೇಲೆ ಗಾಲಿಚೀಲದ ಭರವಸೆ ಯಾವುದೆಂಬುದು ನಮ್ಮ ತರ್ಕಕ್ಕೆ ನಿಲುಕಲಿಲ್ಲ.

ಆಮೇಲೆ ಹೊಸ ಚೀಲವನ್ನು ಆರಿಸುವ ಕೆಲಸವನ್ನು ನಾವು ವಹಿಸಿಕೊಂಡೆವು. ನಮಗೆ ಈ ವಿದ್ಯೆಯಲ್ಲಿ ಗುರುವಾದವನು ಶಹಾಪುರದಲ್ಲಿ ಚೀಲ, ತಾಡಪತ್ರಿಗಳನ್ನು ಹೊಲಿಯುವ ಒಬ್ಬ ಕುಶಲಿ. ಅವನು ಹಳೆಯ ಚೀಲವನ್ನು ಹೊರಗಿಂದ ನೋಡಲೇ ಇಲ್ಲ. “ಚೀಲ ಒಳಮಗ್ಗಲು ತಿರುವಿ ನೋಡಬೇಕ್ರಿ ಮಾಸ್ತರ” ಎಂದು ಹೇಳಿ, ಒಳಗಿನ ಹೊಲಿಗೆಯನ್ನು ತೋರಿಸಿದನು. ಅಂಚುಗಳು ಪಟ್ಟಿಯಿಂದ ಮುಚ್ಚಿರಬೇಕು, ಹಿಡಿಕೆ ಸೇರುವ ಕಡೆ ಹೊಲಿಗೆ ಚೌಕವಾಗಿ ನಡುವೆ ಅಡ್ಡಗೆರೆ ಹಾಯ್ದಿರಬೇಕು, ದಾರ ನೈಲಾನಿನದೋ ಪಾಲಿಯೆಸ್ಟರಿನದೋ ಆಗಿರಬೇಕು. ಹತ್ತಿಯ ದಾರವಾದರೆ ಬಟ್ಟೆಗಿಂತ ಮೊದಲೇ ಸಾಯುವುದು. ಇವು ಅವನು ಹೇಳಿದ ಲಕ್ಷಣಗಳು.

ಬಟ್ಟೆಯ ಮೇಲೆ ‘ಡೆನಿಯರ್’ ಎಂಬ ಅಂಕೆಯನ್ನು ಬರೆದಿರುವರು. 9,000 ಮೀಟರ್ ಉದ್ದದ ಎಳೆಯು ಎಷ್ಟು ಗ್ರಾಂ ತೂಗುವುದೋ ಅದೇ ಡೆನಿಯರ್. ಒಂಬತ್ತು ಕಿಲೋಮೀಟರಿನ ಎಳೆ ಒಂದು ಕಿಲೋ ತೂಗಿದರೆ ಅದು 1000 ಡೆನಿಯರ್. ಈ ಕೆಲಸಕ್ಕೆ 1000ದ ಕಾರ್ಡುರಾ ನೈಲಾನಾಗಲಿ, 1680ರ ಬ್ಯಾಲಿಸ್ಟಿಕ್ ನೈಲಾನಾಗಲಿ ತಕ್ಕದ್ದು. ಬರಿಯ ಅಂಕೆಯನ್ನು ನಂಬತಕ್ಕದ್ದಲ್ಲ. ಅದೇ ಅಂಕೆಯ ಪಾಲಿಯೆಸ್ಟರು ಉಜ್ಜಾಟಕ್ಕೆ ಸಾಮಾನ್ಯವಾಗಿ ನೈಲಾನಿನಷ್ಟು ತಡೆಯದು. ಜನರು ಚೈನು ಎನ್ನುವ ಜಿಪ್ಪಿಗೂ ಅಂಕೆಯುಂಟು. ಮುಚ್ಚಿದಾಗಿನ ಹಲ್ಲುಸಾಲಿನ ಅಗಲವನ್ನು ಅದು ಹೆಚ್ಚು ಕಡಿಮೆ ಮಿಲಿಮೀಟರುಗಳಲ್ಲಿ ಹೇಳುವುದು. 10ನೆಯ ಅಂಕೆಯದೇ ಉತ್ತಮ. ಧೂಳು ಸೇರಿ ಬಿಗಿಯಾದರೆ ಒಣಕುಂಚದಿಂದ ಗುಡಿಸಿ, ಮೇಣದ ಬತ್ತಿಯನ್ನು ಹಗುರವಾಗಿ ತೀಡಬೇಕು. ಎಣ್ಣೆ ಹಾಕಲಾಗದು, ಎಣ್ಣೆಯು ಧೂಳನ್ನು ಕರೆಯುವುದು.

ಇನ್ನು ಗಾಲಿ. ಪ್ರಯಾಣದ ಪೆಟ್ಟಿಗೆಗೆ ಗಾಲಿಯ ಪೇಟೆಂಟು ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರಿಗೆ ದೊರೆತುದು 1972ರಲ್ಲಿ. ಎರಡು ಗಾಲಿಯೂ ಉದ್ದ ಹಿಡಿಕೆಯೂ ಉಳ್ಳ ಈಗಿನ ರೂಪವನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನಚಾಲಕರು ಕೊಟ್ಟುದು 1987ರಲ್ಲಿ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ತರುವಾಯ ಪೆಟ್ಟಿಗೆಗೆ ಗಾಲಿ ಹಚ್ಚುವ ಬುದ್ಧಿ ನೆಲೆಗೊಂಡಿತೆಂಬುದು ವಿನೋದದ ಸಂಗತಿ. ಆದರೆ ಗಾಲಿಯ ಲಕ್ಷಣವನ್ನು ನಮ್ಮ ರೈತರು ಎಂದೋ ಬಲ್ಲರು. ಎರೆಹೊಲದ ಬಂಡಿಗೆ ಆಳೆತ್ತರದ ಗಾಲಿ ಏಕೆ? ಗಾಲಿ ದೊಡ್ಡದಾದಷ್ಟೂ ಎದುರಿನ ಕಲ್ಲು ಚಿಕ್ಕದಾಗುವುದು. ಸುತ್ತಲೂ ತಿರುಗುವ ನಾಲ್ಕು ಸಣ್ಣ ಗಾಲಿಗಳು ವಿಮಾನನಿಲ್ದಾಣದ ನುಣ್ಣನೆಯ ನೆಲಕ್ಕೆ ಸರಿ. ನಮ್ಮ ಓಣಿಯ ಹಾಸುಗಲ್ಲಿನ ಸಂದಿನಲ್ಲಿ ಅವು ಸಿಕ್ಕಿಕೊಳ್ಳುವುವು. ನಮ್ಮ ಕಡೆಗೆ ಎರಡೇ ಗಾಲಿ, ದೊಡ್ಡವು, ಅಗಲವಾದುವು, ರಬ್ಬರಿನಂತೆ ಮೆತ್ತಗಿನ ಪಾಲಿಯುರೆಥೇನಿನವು, ಒಳಗೆ ಬೇರಿಂಗ್ ಉಳ್ಳವು ಬೇಕು. ಮುಖ್ಯವಾಗಿ ಅಚ್ಚು ಬೋಲ್ಟಿನದಾಗಿರಬೇಕು. ಬಂಡಿಯ ಕಡೆಗೀಲನ್ನು ಕಿತ್ತು ಗಾಲಿ ಬದಲಿಸುವಂತೆ ಇದನ್ನೂ ಊರಿನಲ್ಲಿಯೇ ಬದಲಿಸಲು ಬರಬೇಕು. ರಿವೆಟ್ಟು ಬಡಿದ ಗಾಲಿ ಮುರಿದರೆ ಚೀಲವೇ ಮುರಿದಂತೆ.

ಅಳತೆಯ ವಿಷಯದಲ್ಲಿ ನೈಯಾಯಿಕನೊಬ್ಬನ ಕಥೆ ನೆನಪಿಗೆ ಬರುತ್ತದೆ. ತುಪ್ಪವನ್ನು ಕೊಂಡೊಯ್ಯುತ್ತಿದ್ದ ಆತನಿಗೆ, ಪಾತ್ರೆಯು ತುಪ್ಪಕ್ಕೆ ಆಧಾರವೋ ತುಪ್ಪವು ಪಾತ್ರೆಗೆ ಆಧಾರವೋ ಎಂಬ ಸಂದೇಹ ಹುಟ್ಟಿ, ಪರೀಕ್ಷೆಗಾಗಿ ಪಾತ್ರೆಯನ್ನು ಬೋರಲಿಟ್ಟನಂತೆ. ಚೀಲವನ್ನು ಮೊದಲು ಕೊಂಡು ಕೊಡೆಯನ್ನು ಅದರೊಳಗೆ ತುರುಕುವವರು ಅವನ ಶಿಷ್ಯರೇ ಸರಿ. ಕೊಡೆಯ ಗಂಟು, ಶಿರಸ್ತ್ರಾಣ, ಉಡುಪು, ಎತ್ತರ ಅಳೆಯುವ ಗಡಿಯಾರ ಇವು ಒತ್ತಡವಿಲ್ಲದೆ ಕೂಡುವಷ್ಟು ಸ್ಥಳ ಬೇಕು. ಕೈಹಿಡಿಕೆಗಳೂ ಮುಚ್ಚುಕೀಲುಗಳೂ ಯಾವುದಕ್ಕೂ ತೊಡರಬಾರದು. ಹಾಗೆಂದು ಮಿತಿಮೀರಲೂ ಆಗದು. ಅನೇಕ ವಿಮಾನ ಕಂಪನಿಗಳು ಉದ್ದ, ಅಗಲ, ಎತ್ತರಗಳ ಮೊತ್ತವು 158 ಸೆಂಟಿಮೀಟರನ್ನು ದಾಟಬಾರದೆನ್ನುವುವು. ನಮ್ಮ ರೈಲಿನಲ್ಲಿ ಸ್ಲೀಪರ್ ದರ್ಜೆಯವರು 40 ಕಿಲೋ ಸಾಮಾನನ್ನು ಬಿಟ್ಟಿಯಾಗಿ ಒಯ್ಯಬಹುದಾದುದರಿಂದ ಆ ಚಿಂತೆಯಿಲ್ಲ. ವಿಮಾನದಲ್ಲಿ ಹೋಗುವವರು ಅರ್ಧ ತಾಸು ಮೊದಲೇ ಹೋಗಿ, ಒಳಗಿರುವುದು ಏನೆಂದು ಕಾವಲಿನವರಿಗೆ ತಿಳಿಸತಕ್ಕದ್ದು. ಅವರು ಬಿಚ್ಚಬೇಕೆಂದರೆ ಒಡೆಯನು ಎದುರಿಗಿರುವುದು ಲೇಸು.

ಈ ಲಕ್ಷಣಗಳುಳ್ಳ ಚೀಲವೊಂದನ್ನು, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಕರಾರಿನ ಮೇಲೆ ತರಿಸಿದೆವು. ಅದರಲ್ಲಿ ಕೊಡೆಯ ಬದಲು 15 ಕಿಲೋ ತೊಗರಿಬೇಳೆಯ ಗಂಟನ್ನಿಟ್ಟು, ಓಣಿಯ ಏರಿನಲ್ಲಿ ಮೇಲಕ್ಕೂ ಕೆಳಕ್ಕೂ ಹತ್ತು ಸಲ ಎಳೆದೆವು. ಕಟ್ಟೆಯ ಮೆಟ್ಟಿಲುಗಳ ಮೇಲೆ ಏರಿಸಿ ಇಳಿಸಿದೆವು. ಓಣಿಯ ಹುಡುಗರು ಹಿಂದೆ ಹಿಂದೆ ಬಂದರು. ಹಿಡಿಕೆಯು ಅಲುಗಲಿಲ್ಲ, ಗಾಲಿಯು ಒಲೆಯಲಿಲ್ಲ. ತರುವಾಯ ಒಳಗೆ ಒಣ ಕಾಗದವನ್ನಿಟ್ಟು ಜಿಪ್ಪು ಎಳೆದು, ಮೇಲೆ ಎರಡು ತಂಬಿಗೆ ನೀರು ಸುರಿದು ನೋಡಿದೆವು. ಜಿಪ್ಪಿನ ಸಂದಿನಲ್ಲಿ ಸ್ವಲ್ಪ ತೇವ ಕಂಡಿತು. ಆ ಕೊರತೆಯನ್ನು ಶಹಾಪುರದ ಕುಶಲಿಯು ಮೇಲೊಂದು ಮುಚ್ಚುಪಟ್ಟಿಯನ್ನು ಹೊಲಿದು ತೀರಿಸಿದನು. ತಳದ ಎರಡು ಮೂಲೆಗಳಿಗೆ ದಪ್ಪ ರಬ್ಬರನ್ನೂ ಹಚ್ಚಿಕೊಟ್ಟನು.

ಈ ಪರೀಕ್ಷೆಗಳನ್ನೆಲ್ಲ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮರುದಿನ ಅವರು ತಮ್ಮ ಪೆಟ್ಟಿಗೆಯಿಂದ ಬಿಳಿಯ ಗಟ್ಟಿ ಹತ್ತಿಬಟ್ಟೆಯನ್ನು ತೆಗೆದು, ಮಗಳಿಂದ ಅಳತೆಯನ್ನು ತರಿಸಿಕೊಂಡು, ಗಾಳಿಕೊಡೆಗೆ ಒಂದು ಗವಸಣಿಗೆಯನ್ನು ಹೊಲಿದರು. ಧುಮುಕುವುದಕ್ಕೆ ಅವರ ಸಮ್ಮತಿ ಇಂದಿಗೂ ದೊರೆತಿಲ್ಲ. ಧೂಳು ತಾಗಬಾರದಷ್ಟೆ ಎಂದರು.

ಮನೆಯಲ್ಲಿ ಬೆಲೆಯುಳ್ಳ ಸಾಮಗ್ರಿಯನ್ನಿಟ್ಟುಕೊಂಡು ತಿರುಗುವ ಮಕ್ಕಳಿರುವ ಗೃಹಸ್ಥರಿಗೆ, ಅದು ಗಾಳಿಕೊಡೆಯಾಗಲಿ ತಂಬೂರಿಯಾಗಲಿ, ನಮ್ಮ ಸೂಚನೆ ಇಷ್ಟೆ. ಚೀಲವನ್ನು ನಿಮ್ಮ ಊರಿನ ದಾರಿಯಲ್ಲಿ ತೂಕವಿಟ್ಟು ಎಳೆದು ನೋಡಿರಿ. ಒಳಮಗ್ಗಲು ತಿರುವಿ ಹೊಲಿಗೆಯನ್ನು ನೋಡಿರಿ. ಗಾಲಿಯನ್ನು ಬದಲಿಸಲು ಬರುವುದೇ ಎಂದು ಕೇಳಿರಿ. ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಅದನ್ನು ಬಿಡಬೇಡಿರಿ. ಮನೆಗೆ ಬಂದೊಡನೆ ತೆರೆದು ನೆರಳಿನ ಗಾಳಿಗಿಡಿರಿ. ಆಕಾಶದಲ್ಲಿ ನಮ್ಮ ಮಗಳ ಕ್ಷೇಮವು ಆಕೆಯ ಶಿಕ್ಷಣಕ್ಕೂ ಎಚ್ಚರಕ್ಕೂ ಸೇರಿದುದು. ಅಲ್ಲಿಗೆ ನಮ್ಮ ಕೈ ಮುಟ್ಟದು. ನೆಲದ ಮೇಲಿನ ದಾರಿಯಷ್ಟು ನಮ್ಮ ಪಾಲಿನದು. ಆಕೆ ಬಂದಾಗಲೆಲ್ಲ ಗಾಲಿಯ ಬೋಲ್ಟುಗಳನ್ನು ನಾವು ನೋಡುವೆವು. ಗವಸಣಿಗೆಯನ್ನು ಮನೆಯವರು ಒಗೆದು ಹಾಕುವರು. ಕಳೆದ ಸಲ ಬಂದಾಗ ಒಂದು ಬೋಲ್ಟು ಅರ್ಧ ಸುತ್ತು ಸಡಿಲವಾಗಿದ್ದಿತು, ಬಿಗಿದು ಕೊಟ್ಟೆವು.